ಕಂದಪದ್ಯದ ಪ್ರಾಸ ಮತ್ತು ಪಾಠನಿರ್ಣಯ: ಯಶೋಧರ ಚರಿತೆಯ ನಿದರ್ಶನ

ಜನ್ನಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯು ಬಹುಮಟ್ಟಿಗೆ ಕಂದಪದ್ಯಗಳಿಂದಲೇ ನಡೆಯುವ ಕಥನಕಾವ್ಯ. ಇದರ ಪ್ರಾಸ, ಛಂದಸ್ಸು, ಪುನರಾವೃತ್ತಿಗಳನ್ನು ಕೇವಲ ಶ್ರವಣಸುಖದ ಸಾಧನಗಳೆಂದು ಭಾವಿಸಲಾಗದು. ಓಲೆಯ ಪ್ರತಿಗಳಿಂದ ಕವಿಯ ಪಾಠವನ್ನು ನಿರ್ಣಯಿಸುವವರಿಗೆ ಇವು ಮೂರು ಪ್ರಮಾಣಗಳು. ಮೈಸೂರಿನಲ್ಲಿ 1891ರಲ್ಲಿ ಪ್ರಾಚ್ಯ ಗ್ರಂಥಾಲಯವು ಸ್ಥಾಪಿತವಾದಂದಿನಿಂದ ಬೆಳೆದುಬಂದ ಗ್ರಂಥಸಂಪಾದನ ಪರಂಪರೆಗೆ ಈ ವಿವೇಚನೆಯು ಅವಶ್ಯವಾದುದು.

ಪ್ರತಿಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವು ಬರಬೇಕೆಂಬುದು ಆದಿಪ್ರಾಸದ ನಿಯಮ. ಈಚಿನ ಲಿಪಿಕಾರರು ಱಕಾರಕ್ಕೆ ರಕಾರವನ್ನೂ ೞಕಾರಕ್ಕೆ ಳಕಾರವನ್ನೂ ಬರೆಯುವುದು ಸಾಮಾನ್ಯ. ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಕತ್ತರಿಸು. ಜೀವವಧೆಯ ಫಲವನ್ನೇ ವಸ್ತುವಾಗುಳ್ಳ ಕಾವ್ಯದಲ್ಲಿ ಈ ಅಂತರವು ಅಲ್ಪವಲ್ಲ. ಇಂತಹ ಶಬ್ದವು ಪಾದದ ಮೊದಲಲ್ಲಿ ಬಂದಾಗ ಉಳಿದ ಮೂರು ಪಾದಗಳ ಪ್ರಾಸಸ್ಥಾನವನ್ನು ನೋಡಬೇಕು. ಲಿಪಿಕಾರನು ಅಲ್ಲಿಯೂ ರಕಾರವನ್ನೇ ಬರೆದಿರಬಹುದು. ಆದರೆ ಆ ಶಬ್ದಗಳ ಮೂಲರೂಪವು ನಿಶ್ಚಿತವಾಗಿದ್ದರೆ ಅದೇ ಸಾಕ್ಷಿಯಾಗುತ್ತದೆ. ವರ್ಗಪ್ರಾಸ, ಸಮೀಪಪ್ರಾಸಗಳಿಗೂ ಲಕ್ಷಣಗ್ರಂಥಗಳಲ್ಲಿ ಎಡೆಯುಂಟಾದುದರಿಂದ, ಪ್ರಾಸವೊಂದನ್ನೇ ನಂಬಿ ಪಾಠವನ್ನು ತಿದ್ದಲಾಗದು.

ಸ್ವರದ ವಿಷಯದಲ್ಲಿ ಮಾತ್ರಾಗಣನೆಯು ನೆರವಾಗುತ್ತದೆ. ಕಂದದ ಒಂದನೆಯ, ಮೂರನೆಯ ಪಾದಗಳಿಗೆ 12 ಮಾತ್ರೆಗಳು, ಎರಡನೆಯ, ನಾಲ್ಕನೆಯ ಪಾದಗಳಿಗೆ 20, ಒಟ್ಟು 64. ವಿಷಮಸ್ಥಾನದಲ್ಲಿ ಜಗಣವು ಬರಬಾರದು. ಪ್ರತಿಯೊಂದು ಅರ್ಧದ ಆರನೆಯ ಗಣವು ಜಗಣವಾಗಲಿ ಸರ್ವಲಘುವಾಗಲಿ ಆಗಿರಬೇಕು. ಎಕಾರ-ಏಕಾರಗಳಿಗೂ ಒಕಾರ-ಓಕಾರಗಳಿಗೂ ಭೇದವನ್ನು ತೋರದ ಓಲೆಗಳಲ್ಲಿ ‘ಕೊಡು’ ಎಂದಿದೆಯೋ ‘ಕೋಡು’ ಎಂದಿದೆಯೋ ಎಂಬ ಸಂಶಯವನ್ನು ಅರ್ಥದೊಡನೆ ಈ ಗಣನೆಯು ನೀಗಿಸುತ್ತದೆ.

ಆದರೆ ಇಡೀ ಪದ್ಯವೇ ಬಿಟ್ಟುಹೋದರೆ ಛಂದಸ್ಸು ಅದನ್ನು ತಿಳಿಸಲಾರದು; ಉಳಿದ ಪದ್ಯಗಳು ನಿರ್ದುಷ್ಟವಾಗಿಯೇ ಇರುತ್ತವೆ. ಇಲ್ಲಿ ಕಥೆಯ ಪುನರಾವೃತ್ತಿಯೇ ಪ್ರಮಾಣ. ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಯಶೋಧರ-ಚಂದ್ರಮತಿಯರು ನವಿಲು-ನಾಯಿಗಳಿಂದ ತೊಡಗಿ ಕೋಳಿಗಳವರೆಗೆ ತಿರ್ಯಗ್ಜನ್ಮಗಳನ್ನು ಕಳೆದು, ಅಭಯರುಚಿ-ಅಭಯಮತಿಯರಾಗಿ ಜನಿಸುತ್ತಾರೆ. ಜನನ, ವಧೆ, ಮರುಜನನಗಳು ಮತ್ತೆಮತ್ತೆ ಬರುವೆಡೆಯಲ್ಲಿ ಒಂದನ್ನೊಂದು ಹೋಲುವ ಮಾತುಗಳಿಂದ ಲಿಪಿಕಾರನ ಕಣ್ಣು ಮುಂದಕ್ಕೆ ಹಾರುವ ಸಂಭವವುಂಟು. ಭವಾವಳಿಯ ಕ್ರಮವನ್ನು ಹಿಡಿದು ನಡೆದರೆ ಲೋಪವು ಗೋಚರಿಸುತ್ತದೆ. ಅಂತೆಯೇ ಪುನರುಕ್ತಿಯೆಂದು ಯಾವ ಪದ್ಯವನ್ನೂ ಅವಸರದಿಂದ ತೆಗೆದುಹಾಕಬಾರದು. ಕರ್ಮವು ಮರಳಿ ಬರುವುದೇ ಇಲ್ಲಿನ ಕಥೆ.

ಹೀಗೆ ಪ್ರಾಸವು ಅಕ್ಷರವನ್ನೂ, ಮಾತ್ರೆಯು ಪಾದವನ್ನೂ, ಪುನರಾವೃತ್ತಿಯು ಕಥಾಕ್ರಮವನ್ನೂ ಕಾಯುತ್ತವೆ. ಈ ಮೂರೂ ಒಮ್ಮತವಾದಲ್ಲಿ ಪಾಠವನ್ನು ನಿಸ್ಸಂದೇಹವಾಗಿ ಗ್ರಹಿಸಬಹುದು. ಭಿನ್ನವಾದಲ್ಲಿ ಪಾಠಾಂತರವನ್ನು ಅಡಿಯಲ್ಲಿ ಕಾಣಿಸುವುದೇ ಯುಕ್ತ.