ಮುಗಿಯದ ಕೀರ್ತನೆ

ಶನಿವಾರ ಸಂಜೆ ಕ್ವಾಯರ್ ಪ್ರ್ಯಾಕ್ಟೀಸ್ ಮುಗಿಸಿ ಹಾರ್ಮೋನಿಯಂ ಮುಚ್ಚುತ್ತಿದ್ದೆ. ನಮ್ಮ ಹುಡುಗನೊಬ್ಬ ಮೊಬೈಲ್ ಹಿಡಿದು ಬಂದ. "ಸರ್, ಇದೊಂದ್ ಹಾಡು ಕೇಳ್ರಿ. ನಮ್ಮ ಆರಾಧನೆಗೆ ನಡೀತದೇನ್ರಿ?"

ಐರ್ಲೆಂಡಿನ ಯು2 ತಂಡದ ಹಾಡು. ಅದರ ಹೆಸರು ಬರೀ ಒಂದು ಅಂಕಿ, '40'. ಬೇಸ್ ಗಿಟಾರಿನ ನುಡಿ ಸುತ್ತಿ ಸುತ್ತಿ ಬರುತ್ತದೆ, ಡ್ರಮ್ಮು ಅದರ ಜೊತೆ ಹೆಜ್ಜೆ ಹಾಕುತ್ತದೆ. ಸುಮಾರು ಎರಡೂವರೆ ನಿಮಿಷದಲ್ಲಿ ಎಲ್ಲಾ ಮುಗಿಯಿತು. ಯೇಸುವಿನ ಹೆಸರಿಲ್ಲ, ಹಲ್ಲೆಲೂಯ ಇಲ್ಲ, ಕಡೆಗೆ ಆಮೆನ್ ಕೂಡ ಇಲ್ಲ. "ಇದು ದೇವಾಲಯದ ಹಾಡಲ್ಲಪ್ಪ" ಎಂದುಬಿಟ್ಟೆ. ಆ ರಾತ್ರಿ ಬೈಬಲ್ ತೆರೆದಾಗ ನಾನು ಅವಸರಪಟ್ಟೆ ಎಂದು ತಿಳಿಯಿತು.

ಬೈಬಲಿನಲ್ಲಿರುವ 150 ಪ್ರಾರ್ಥನಾಗೀತೆಗಳಿಗೆ ಕನ್ನಡ ಬೈಬಲ್ ಇಟ್ಟ ಹೆಸರು 'ಕೀರ್ತನೆಗಳು'. ದಾಸರ ಹಾಡುಗಳಿಗೂ ನಾವು ಅದೇ ಮಾತು ಬಳಸುತ್ತೇವೆ. ಅವುಗಳಲ್ಲಿ 40ನೆಯದು ದಾವೀದನ ಹೆಸರಿನಲ್ಲಿದೆ. ದೇವರಿಗಾಗಿ ಕಾದವನೊಬ್ಬ ಕೆಸರಿನ ಗುಂಡಿಯಿಂದ ಮೇಲೆದ್ದು, ಬಂಡೆಯ ಮೇಲೆ ಕಾಲೂರಿ, ಹೊಸ ಹಾಡು ಹಾಡುತ್ತಾನೆ. ಯು2 ಎತ್ತಿಕೊಂಡದ್ದು ಈ ಮೊದಲ ಭಾಗವನ್ನು.

ರಾಕ್ ಸಂಗೀತವೂ ಭಕ್ತಿಯೂ ಒಟ್ಟಿಗೆ ಇರಬಹುದೇ ಎಂಬ ಪ್ರಶ್ನೆ ಆ ತಂಡವನ್ನೂ ಸುಟ್ಟಿತ್ತು. ಗಾಯಕ ಬೋನೊ, ಗಿಟಾರಿನ ಎಡ್ಜ್, ಡ್ರಮ್ಮಿನ ಲ್ಯಾರಿ ಮಲೆನ್ ಮೂವರೂ ಡಬ್ಲಿನ್ನಿನ 'ಶಾಲೋಮ್' ಎಂಬ ಪ್ರಾರ್ಥನಾಗುಂಪಿಗೆ ಸೇರಿದ್ದವರು. 1980ರ ದಶಕದ ಆರಂಭದಲ್ಲಿ, ಇದೇ ಸಂಕಟದಲ್ಲಿ, ತಂಡವನ್ನೇ ಬಿಡುವ ಯೋಚನೆಯೂ ಬಂದಿತ್ತು. ಆದರೆ ಬಿಡಲಿಲ್ಲ. 1983ರಲ್ಲಿ 'ವಾರ್' ಆಲ್ಬಮ್ ಬಂತು. ವಿಂಡ್‌ಮಿಲ್ ಲೇನ್ ಸ್ಟುಡಿಯೋ ಬಿಟ್ಟುಕೊಡಬೇಕಾದ ಕಡೆಯ ಗಳಿಗೆಯಲ್ಲಿ ಅವರು ಈ ಹಾಡು ಕಟ್ಟಿದರು. ಬೇಸ್ ನುಡಿಸುವ ಆಡಮ್ ಕ್ಲೇಟನ್ ಆಗಲೇ ಹೊರಟುಹೋಗಿದ್ದರಿಂದ ಎಡ್ಜ್ ತಾವೇ ಬೇಸ್ ನುಡಿಸಿದರು.

ಹಾಡಿನ ಪಲ್ಲವಿ ಮಾತ್ರ 40ನೆಯ ಕೀರ್ತನೆಯ ಆರಂಭದ್ದಲ್ಲ. ಇದನ್ನು ಇನ್ನೆಷ್ಟು ಕಾಲ ಹಾಡಬೇಕು ಎಂದು ಅದು ಕೇಳುತ್ತದೆ. 'ಎಷ್ಟರವರೆಗೆ' ಎಂಬ ಈ ಮೊರೆ 6ನೆಯ ಕೀರ್ತನೆಯಲ್ಲಿದೆ, 13ರಲ್ಲಿಯೂ ಇದೆ. ಅದೇ ಆಲ್ಬಮ್ಮಿನ ಮೊದಲ ಹಾಡು 'ಸಂಡೇ ಬ್ಲಡಿ ಸಂಡೇ'ಯಲ್ಲೂ ಇದೇ ಪ್ರಶ್ನೆ. ಆ ಹಾಡಿನ ಹಿಂದಿರುವ ಘಟನೆ ಇದು: 1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರಿ ಊರಿನಲ್ಲಿ ಮೆರವಣಿಗೆ ಹೊರಟಿದ್ದ ಜನರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು; ಅಂದೇ 13 ಮಂದಿ ಸತ್ತರು. ಆ ನೋವಿನಿಂದ ಶುರುವಾದ ಆಲ್ಬಮ್, '40'ರಲ್ಲಿ ಅದೇ ಪ್ರಶ್ನೆಯನ್ನು ದೇವರ ಮುಂದಿಟ್ಟು ಮುಗಿಯುತ್ತದೆ.

ಬಂಡೆಯ ಮೇಲೆ ನಿಂತವನಿಗೆ ಮತ್ತೇಕೆ ಈ ಗೋಳು ಎಂದು ನನಗೂ ಅನ್ನಿಸಿತ್ತು. ಕೀರ್ತನೆಯನ್ನು ಪೂರ್ತಿ ಓದಿದೆ. ಕೃತಜ್ಞತೆಯಿಂದ ಶುರುವಾದದ್ದು ನಡುವೆ ಹೊರಳುತ್ತದೆ. ಕಷ್ಟಗಳು ಮತ್ತೆ ಮುತ್ತುತ್ತವೆ, ಆತ ಮತ್ತೆ ಕೂಗುತ್ತಾನೆ. ಕಡೆಯ ವಚನ ದೇವರಿಗೆ ಬೇಗ ಬಾ ಎನ್ನುವ ಮೊರೆ. ಯು2 ಎತ್ತಿಕೊಂಡದ್ದು ಮೊದಲ ಭಾಗವೇ ಆದರೂ, ಆ ಒಂದು ಪಲ್ಲವಿಯಿಂದ ಇಡೀ ಕೀರ್ತನೆಯ ಜೀವ ಹಾಡಿಗೆ ಬಂದಿದೆ. ನಾವು ಭಾನುವಾರ ಹಾಡುವ ಎಷ್ಟೋ ಹಾಡುಗಳು ಬಂಡೆ ಸಿಕ್ಕಿದಲ್ಲಿಗೆ ನಿಂತುಬಿಡುತ್ತವೆ. ಮನೆಯಲ್ಲಿ ರೋಗಿಯನ್ನು ಬಿಟ್ಟು ಆರಾಧನೆಗೆ ಬಂದವರಿಗೆ ಆಮೇಲಿನ ಮಾತೂ ಬೇಕು.

ಈ ಹಾಡಿನಿಂದಲೇ ಯು2 ಎಷ್ಟೋ ಕಛೇರಿಗಳನ್ನು ಮುಗಿಸಿದೆ. ಎಡ್ಜ್ ಬೇಸ್ ಹಿಡಿದರೆ ಕ್ಲೇಟನ್ ಗಿಟಾರ್ ಹಿಡಿಯುತ್ತಾರೆ. ಪಲ್ಲವಿ ಜನರ ಬಾಯಿಗೆ ಬಂದ ಮೇಲೆ ಬೋನೊ ವೇದಿಕೆಯಿಂದ ಇಳಿದುಹೋಗುತ್ತಾರೆ, ಉಳಿದವರು ಒಬ್ಬೊಬ್ಬರಾಗಿ ಹಿಂಬಾಲಿಸುತ್ತಾರೆ. ಕಡೆಗೆ ಡ್ರಮ್ಮೂ ನಿಲ್ಲುತ್ತದೆ, ಜನ ಮಾತ್ರ ಹಾಡುತ್ತಲೇ ಇರುತ್ತಾರೆ. ಹಾಡು ಸಭೆಯದಾಗಬೇಕು ಎಂದು ನಾನು ಕ್ವಾಯರಿಗೆ ಹೇಳುತ್ತಾ ಬಂದಿರುವುದು ಇದನ್ನೇ.

ನಮ್ಮವ್ವ ರಾತ್ರಿ ಕೀರ್ತನೆ ಓದುವಾಗ ಕಡೆಯ ವಚನದವರೆಗೂ ಓದದೆ ಪುಸ್ತಕ ಮುಚ್ಚುತ್ತಿರಲಿಲ್ಲ. ಮರುವಾರ ಆ ಹುಡುಗನನ್ನು ಕರೆದು ಹೇಳಿದೆ: "ಹಾಡೋಣಪ್ಪ. ಮೊದಲು ಎಲ್ಲಾರೂ ಕೂತು 40ನೇ ಕೀರ್ತನೆ ಕಡೀತನಕ ಓದೂಣು."