ಅನ್ನದ ಅಗುಳಿನಷ್ಟು ಗುರುತು

ಬಲಿಪಾಡ್ಯಮಿಯ ರಾತ್ರಿ ಪಕ್ಕದ ಬೀದಿಯಲ್ಲಿ ಯಾರೋ ಪಟಾಕಿ ಸರಕ್ಕೆ ಬೆಂಕಿ ಕೊಟ್ಟರು. ನಮ್ಮ ಕೆಂಚ ಗೇಟಿನ ಸಂದಿಯಲ್ಲಿ ನುಸುಳಿ ಓಡಿಬಿಟ್ಟ. ಟಾರ್ಚ್ ಹಿಡಿದು ಹೊರಗೆ ಬಂದಾಗ ಕಂಡದ್ದು, ಸರಳಿಗೆ ಸಿಕ್ಕಿಕೊಂಡು ನೇತಾಡುತ್ತಿದ್ದ ಅವನ ಕೊರಳಪಟ್ಟಿ. ನನ್ನ ಫೋನ್ ನಂಬರು ಕೆತ್ತಿಸಿದ್ದ ಹಿತ್ತಾಳೆ ಬಿಲ್ಲೆ ಅದರಲ್ಲೇ ಇತ್ತು. ಒಂಬತ್ತು ವರ್ಷ ಮನೆಮಗನಂತೆ ಬೆಳೆದವನು, ತಾನು ಯಾರ ಮನೆಯವನೆಂದು ಹೇಳುವ ಒಂದೇ ಒಂದು ಗುರುತನ್ನೂ ಇಲ್ಲೇ ಬಿಟ್ಟು ಹೋಗಿದ್ದ.

ಹನ್ನೊಂದು ದಿನ ಹುಡುಕಿದೆವು. ಟೀ ಅಂಗಡಿ, ಆಟೋ ಸ್ಟ್ಯಾಂಡ್, ಹಾಲಿನ ಬೂತು, ಎಲ್ಲ ಕಡೆ ಅವನ ಫೋಟೊ ಇದ್ದ ಚೀಟಿ ಅಂಟಿಸಿದೆವು. ಕೆಂಚ ಬರಲಿಲ್ಲ. ಅವನ ಅನ್ನದ ತಟ್ಟೆಯನ್ನು ಎತ್ತಿಡಲು ಅಮ್ಮ ತಿಂಗಳುಗಟ್ಟಲೆ ಒಪ್ಪಲಿಲ್ಲ.

‘ನಾಯಿ ಅಲ್ವಾ, ವಾಸನೆ ಹಿಡ್ಕೊಂಡು ತಾನೇ ಬರುತ್ತೆ ಬಿಡಿ’ ಎಂದು ಸಮಾಧಾನ ಹೇಳಿದವರೇ ಹೆಚ್ಚು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಜೆಕ್ ದೇಶದ ವಿಜ್ಞಾನಿಗಳು 27 ಬೇಟೆನಾಯಿಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಕಾಡಿನಲ್ಲಿ ಬಿಟ್ಟು, ಅವು ಒಡೆಯನ ಬಳಿಗೆ ಮರಳುವ ಬಗೆಯನ್ನು ಗಮನಿಸಿ 2020ರಲ್ಲಿ ವರದಿ ಮಾಡಿದರು. ಹೆಚ್ಚಿನ ಸಲ ನಾಯಿಗಳು ತಾವು ಹೋದ ಜಾಡನ್ನೇ ಮೂಸುತ್ತ ಬಂದ ದಾರಿಯಲ್ಲೇ ಹಿಂದಿರುಗಿದವು. ಕೆಲವು ಸಲ ಮಾತ್ರ ಹೊಸ ದಾರಿಯೊಂದನ್ನು ಹಿಡಿದವು. ಅಂಥ 223 ಮರಳುವಿಕೆಗಳಲ್ಲಿ 170ರಲ್ಲಿ ಒಂದು ವಿಚಿತ್ರ ಕಂಡಿತು. ಹೊರಡುವ ಮುನ್ನ ನಾಯಿ ಸುಮಾರು 20 ಮೀಟರ್ ದೂರ ಉತ್ತರ–ದಕ್ಷಿಣ ರೇಖೆಯಲ್ಲಿ ಓಡುತ್ತಿತ್ತು. ಒಡೆಯ ಯಾವ ದಿಕ್ಕಿನಲ್ಲಿದ್ದರೂ ಸರಿ, ಮೊದಲು ಈ ಓಟ. ಹಾಗೆ ಓಡಿದ ನಾಯಿಗಳು ಹೆಚ್ಚು ನೇರವಾದ ದಾರಿಯಲ್ಲಿ ತಲುಪಿದವು. ಭೂಮಿಯ ಕಾಂತಕ್ಷೇತ್ರಕ್ಕೆ ತಮ್ಮ ತಲೆಯೊಳಗಿನ ನಕ್ಷೆಯನ್ನು ಹೊಂದಿಸಿಕೊಳ್ಳುವ ಕ್ರಮ ಇದಾಗಿರಬಹುದು ಎಂಬುದು ಅವರ ಊಹೆ. ಅಮೆರಿಕದ ಬಾಬಿ ಎಂಬ ನಾಯಿ 1923ರಲ್ಲಿ ಇಂಡಿಯಾನಾದಲ್ಲಿ ಕಳೆದುಹೋಗಿ, ಆರು ತಿಂಗಳ ಬಳಿಕ ಸುಮಾರು 4,000 ಕಿಲೋಮೀಟರ್ ದೂರದ ಆರಿಗನ್‌ನ ತನ್ನ ಮನೆಗೆ ಬಂದು ಸೇರಿದ್ದೂ ಉಂಟು.

ಆದರೆ ಕಾಡಿಗೆ ಬಿಟ್ಟ ಬೇಟೆನಾಯಿಗೆ ಇರುವ ನೆಮ್ಮದಿ ಪಟಾಕಿಗೆ ಹೆದರಿ ಓಡಿದ ನಾಯಿಗೆ ಎಲ್ಲಿಂದ ಬರಬೇಕು? ನಾವು ಕೇಳುವ ಸದ್ದಿನ ಮಿತಿ ಸುಮಾರು 20,000 ಹರ್ಟ್ಜ್. ನಾಯಿಯದು 45,000ದ ಆಸುಪಾಸು. ಕಿವಿ ಅಷ್ಟು ಚುರುಕು. ದಿಗಿಲುಬಿದ್ದು ಓಡುವಾಗ ಅದು ದಾರಿ ನೋಡಿಕೊಳ್ಳುವುದಿಲ್ಲ, ದೂರ ಹೋದರೆ ಸಾಕು ಎಂದು ಓಡುತ್ತದೆ. ನಡುವೆ ರಿಂಗ್ ರಸ್ತೆ ಅಡ್ಡ ಬರುತ್ತದೆ, ಪ್ರತಿ ಬೀದಿಯಲ್ಲೂ ಬೇರೆ ನಾಯಿಗಳ ಗುಂಪು ಅಟ್ಟಿಸಿಕೊಂಡು ಬರುತ್ತದೆ. ಕೊನೆಗೆ ಯಾರೋ ಪುಣ್ಯಾತ್ಮರು ಕರೆದು ಅನ್ನ ಹಾಕಿದರೂ, ಅದು ಯಾರದೆಂದು ಅವರಿಗೆ ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಉತ್ತರವಾಗಿರುವ ಒಂದು ಯಂತ್ರವನ್ನು ನಾನು ಮೊದಲ ಸಲ ಅಂಗೈಯಲ್ಲಿಟ್ಟುಕೊಂಡು ನೋಡಿದ್ದು ಕೆಂಚ ಹೋದ ಮೇಲೆ. ಚುಕ್ಕಿ ಎಂಬ ಮರಿಯನ್ನು ಲಸಿಕೆಗೆ ಕರೆದೊಯ್ದಿದ್ದೆ. ಡಾಕ್ಟರು ನನ್ನ ಕೈಗೆ ಹಾಕಿದ್ದು 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪದ ಗಾಜಿನ ಕೊಳವೆ. ಸೋನಾ ಮಸೂರಿಯ ಬೆಂದ ಅಗುಳಿಗಿಂತ ತುಸು ದೊಡ್ಡದು, ಅಷ್ಟೇ. ಬೆಳಕಿಗೆ ಹಿಡಿದಾಗ ಒಳಗೆ ತಾಮ್ರದ ಕೆಂಪು ಮಿಂಚಿತು. ಫೆರೈಟ್ ಕಡ್ಡಿಯ ಮೇಲೆ ಕೂದಲಿಗಿಂತ ತೆಳುವಾದ ತಂತಿಯನ್ನು ನೂರಾರು ಸುತ್ತು ಸುತ್ತಿದ್ದರು. ತುದಿಯಲ್ಲಿ ಚುಕ್ಕೆಯಷ್ಟು ಸಿಲಿಕಾನ್ ಚಿಪ್.

ಇದರಲ್ಲಿ ಬ್ಯಾಟರಿ ಇಲ್ಲ. ನಾಯಿ ಎಲ್ಲಿದೆ ಎಂದು ಇದು ಹೇಳಲಾರದು. ಜಿಪಿಎಸ್ ಪಟ್ಟಿಯೇ ಬೇರೆ, ಇದೇ ಬೇರೆ. ಇದನ್ನು ಓದುವ ಸಾಧನ, ಅಂದರೆ ರೀಡರ್, ಹತ್ತಿರ ಬರುವವರೆಗೆ ಚಿಪ್ ಸುಮ್ಮನೆ ಮಲಗಿರುತ್ತದೆ. ರೀಡರ್ ಸೆಕೆಂಡಿಗೆ 1,34,200 ಬಾರಿ ಆವರ್ತಿಸುವ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ. ಬದಲಾಗುವ ಕಾಂತಕ್ಷೇತ್ರ ಪಕ್ಕದ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಆ ಚೂರು ವಿದ್ಯುತ್ತಿನಲ್ಲಿ ಚಿಪ್ ಎಚ್ಚರಗೊಂಡು, ಸುರುಳಿ ಎಳೆದುಕೊಳ್ಳುವ ಶಕ್ತಿಯನ್ನು ತುಸು ಹೆಚ್ಚು, ತುಸು ಕಡಿಮೆ ಮಾಡತೊಡಗುತ್ತದೆ. ಆ ಏರಿಳಿತವೇ ಅದರ ಮಾತು. ರೀಡರ್ ಅದನ್ನು 15 ಅಂಕಿಗಳಾಗಿ ಓದುತ್ತದೆ. ಮೊದಲ ಮೂರು ದೇಶದ ಅಥವಾ ತಯಾರಕರ ಸಂಕೇತ, ಉಳಿದ 12 ಆ ನಾಯಿಯದೇ ಸಂಖ್ಯೆ. ಒಂದೊಂದು ಸಂಕೇತದಡಿ 27,000 ಕೋಟಿಗೂ ಹೆಚ್ಚು ಸಂಖ್ಯೆಗಳಿಗೆ ಜಾಗವಿದೆ.

ಡಾಕ್ಟರು ಚುಕ್ಕಿಯ ಹೆಗಲಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು, ದಪ್ಪ ಸೂಜಿಯಿಂದ ಚಿಪ್ಪನ್ನು ಒಳಗೆ ಬಿಟ್ಟರು. ಒಮ್ಮೆ ಕುಂಯ್ ಎಂದಳು, ಬಿಸ್ಕತ್ತು ಕಂಡು ಮರೆತಳು. ರೀಡರ್ ಮೇಲಾಡಿಸಿದಾಗ ‘ಬೀಪ್’ ಎಂದು ಪರದೆಯ ಮೇಲೆ ಅಂಕಿಗಳು ಮೂಡಿದವು. ನನಗೆ ಕಣ್ಣು ತುಂಬಿ ಬಂತು. ಇಷ್ಟು ಚಿಕ್ಕ ವಸ್ತು ಕೆಂಚನ ಮೈಯಲ್ಲಿ ಇರಲಿಲ್ಲವಲ್ಲ ಎಂಬ ಸಂಕಟ.

ಚಿಪ್ಪಿನಲ್ಲಿ ಇರುವುದು ಸಂಖ್ಯೆ ಮಾತ್ರ. ಹೆಸರು, ವಿಳಾಸ, ಫೋನು ಇರುವುದು ನೋಂದಣಿ ಪಟ್ಟಿಯಲ್ಲಿ. ಸೂಜಿ ಚುಚ್ಚಿಸಿಕೊಂಡು ಬಂದು ನೋಂದಣಿ ಮರೆತರೆ ಚಿಪ್ ಇದ್ದೂ ಇಲ್ಲದಂತೆ. ಅಮೆರಿಕದ 53 ಆಶ್ರಯತಾಣಗಳ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅಲ್ಲಿಗೆ ಬಂದ ಬೀದಿಪಾಲಾದ ನಾಯಿಗಳಲ್ಲಿ ಒಟ್ಟಾರೆ ಶೇ. 21.9ರಷ್ಟು ಒಡೆಯರ ಕೈಸೇರಿದರೆ, ಚಿಪ್ ಇದ್ದವುಗಳಲ್ಲಿ ಶೇ. 52.2 ಸೇರಿದವು. ಚಿಪ್ ಇದ್ದೂ ಒಡೆಯರು ಸಿಗದಿದ್ದುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ, ಕೊಟ್ಟ ಫೋನ್ ನಂಬರು ತಪ್ಪಾಗಿದ್ದದ್ದು ಅಥವಾ ಚಾಲ್ತಿಯಲ್ಲಿ ಇಲ್ಲದಿದ್ದದ್ದು.

ದಾರಿ ತಪ್ಪಿದಂತೆ ಕಾಣುವ ನಾಯಿ ಎದುರಾದರೆ ದಯವಿಟ್ಟು ಅಟ್ಟಿಸಿಕೊಂಡು ಹೋಗಬೇಡಿ. ಹೆದರಿದ ನಾಯಿ ತನ್ನ ಒಡೆಯ ಕರೆದರೂ ಓಡುವುದುಂಟು. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು, ಕಣ್ಣಿಗೆ ಕಣ್ಣು ಕೂಡಿಸದೆ, ತಿಂಡಿ ಇಟ್ಟು ಕಾಯಿರಿ. ಹತ್ತಿರ ಬಂದರೆ ಪಶುವೈದ್ಯರ ಬಳಿ ಕರೆದೊಯ್ದು ಚಿಪ್ ಇದೆಯೇ ನೋಡಲು ಹೇಳಿ. ಚಿಪ್ ಕೆಲವೊಮ್ಮೆ ಚರ್ಮದಡಿ ಜರುಗುತ್ತದೆ. ಹೆಗಲಲ್ಲಿ ಸಿಗದಿದ್ದರೆ ಮುಂಗಾಲು, ಎದೆಯವರೆಗೂ ರೀಡರನ್ನು ನಿಧಾನವಾಗಿ ಆಡಿಸಬೇಕು. ಕಳೆದುಕೊಂಡವರು ತಾವು ತೊಟ್ಟ ಬಟ್ಟೆಯನ್ನು ನಾಯಿ ಕೊನೆಗೆ ಕಂಡ ಜಾಗದಲ್ಲಿ ಇಡುವುದು ಒಳ್ಳೆಯದು. ನಾಯಿಯ ಮೂಗಿಗೆ ಅದೂ ಮನೆಯೇ.

ಹೋದ ವರ್ಷ ನಾನು ಫೋನ್ ನಂಬರು ಬದಲಿಸಿದೆ. ಚುಕ್ಕಿಯ ನೋಂದಣಿಯನ್ನು ಅದೇ ದಿನ ತಿದ್ದಿಸಿದೆ. ಹಳೆಯ ನಂಬರಿಗೂ ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದೇನೆ. ಕೆಂಚನ ಚೀಟಿಗಳಲ್ಲಿ ಇರುವುದು ಅದೇ ನಂಬರು.