ಸಾಸಲಿನಿಂದ ಹೊರಡುವ ಮುನ್ನ ಅಟ್ಲಾಸ್ ಬಿಡಿಸಿ ನೋಡಿ

ಬೆಂಗಳೂರು ಗ್ರಾಮಾಂತರ ಜಿಲ್ಲೆ ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿ ಮೂರು ಜಿಲ್ಲೆಗಳು ಸೇರುವ ಮೂಲೆಯಲ್ಲಿದೆ. ಪಡುವಣಕ್ಕೆ ತುಮಕೂರು ಜಿಲ್ಲೆಯ ಕೊರಟಗೆರೆ, ಬಡಗಣಕ್ಕೆ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು. ಇಲ್ಲಿಂದ ತುಮಕೂರಿಗೆ ಲೋಡು ಹೊತ್ತು ಹೊರಡುವ ಟೆಂಪೊ ಡ್ರೈವರ್ ಮೊದಲೇ ಒಂದು ತೀರ್ಮಾನ ಮಾಡಬೇಕು: ಕೊರಟಗೆರೆ ಕಡೆಯಿಂದ ಹೋಗುವುದೋ, ದೊಡ್ಡಬಳ್ಳಾಪುರಕ್ಕೆ ಬಂದು ದಾಬಸ್‌ಪೇಟೆಯಲ್ಲಿ ಹೆದ್ದಾರಿ ಹಿಡಿಯುವುದೋ? ಫೋನು ನೀಲಿ ಗೆರೆಯೊಂದನ್ನು ಎಳೆದು ‘ಹೀಗೆ ಹೋಗಿ’ ಎನ್ನುತ್ತದೆ. ಅಚ್ಚಾದ ರಸ್ತೆ ಅಟ್ಲಾಸ್‌ನಲ್ಲಿ ಎರಡೂ ದಾರಿ ಒಂದೇ ನೋಟಕ್ಕೆ ಸಿಗುತ್ತವೆ. ನಡುವೆ ಯಾವ ಊರು ಬರುತ್ತದೆ, ಒಂದು ದಾರಿ ಕೆಟ್ಟರೆ ಇನ್ನೊಂದಕ್ಕೆ ಎಲ್ಲಿ ಹೊರಳಬಹುದು ಎಂಬುದನ್ನೆಲ್ಲ ಹೊರಡುವ ಮುಂಚೆಯೇ ನೋಡಿಕೊಳ್ಳಬಹುದು. ಗುಡ್ಡದ ಮರೆಯಲ್ಲಿ ಸಿಗ್ನಲ್ ಹೋದರೂ ಆ ಚಿತ್ರ ತಲೆಯಲ್ಲಿ ಉಳಿದಿರುತ್ತದೆ.

ಅಟ್ಲಾಸ್ ಕೊಂಡವರಲ್ಲಿ ಹೆಚ್ಚಿನವರು ನೋಡದೆ ಬಿಡುವುದು ಕೊನೆಯ ಪುಟಗಳಲ್ಲಿರುವ ಊರುಗಳ ಸೂಚಿಯನ್ನು. ನನ್ನ ಲೆಕ್ಕದಲ್ಲಿ ಇಡೀ ಪುಸ್ತಕದ ಜೀವ ಅಲ್ಲೇ ಇದೆ. ಸಾಸಲು ಎಂಬ ಹೆಸರನ್ನೇ ತೆಗೆದುಕೊಳ್ಳಿ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲೂ ಒಂದು ಸಾಸಲು ಇದೆ. ಸೋಮೇಶ್ವರ, ಶಂಭುಲಿಂಗೇಶ್ವರ ದೇವಸ್ಥಾನಗಳಿಂದ ಹೆಸರಾದ ಊರು ಅದು. ಬರೀ ‘ಸಾಸಲು’ ಎಂದು ಫೋನಿನಲ್ಲಿ ಒತ್ತಿ ಹೊರಟ ಹೊರಗಿನ ಡ್ರೈವರ್ ಯಾವ ಸಾಸಲಿಗೆ ಹೋದಾನು? ಒಳ್ಳೆಯ ಸೂಚಿಯಲ್ಲಿ ಊರಿನ ಹೆಸರಿನ ಪಕ್ಕ ಜಿಲ್ಲೆ, ಪುಟಸಂಖ್ಯೆ, ಆಮೇಲೆ ‘ಸಿ 4’ ಎಂಬಂಥ ಒಂದು ಗುರುತು ಇರುತ್ತದೆ. ನಕ್ಷೆಯ ಮೇಲಂಚಿನಲ್ಲಿ ಅಕ್ಷರಗಳು, ಪಕ್ಕದಂಚಿನಲ್ಲಿ ಅಂಕಿಗಳು. ‘ಸಿ’ಯಿಂದ ಕೆಳಕ್ಕೆ, 4ರಿಂದ ಅಡ್ಡಕ್ಕೆ ಬೆರಳಾಡಿಸಿದರೆ ಎರಡೂ ಕೂಡುವ ಚೌಕದೊಳಗೆ ಊರು ಸಿಗುತ್ತದೆ. ಹೊಸಹಳ್ಳಿಯಂಥ ಹೆಸರಿಗಂತೂ ಇದು ಬೇಕೇ ಬೇಕು. ಸಾಸಲು ಹೋಬಳಿಯಲ್ಲೇ ಒಂದು ಹೊಸಹಳ್ಳಿ ಇದೆ, ರಾಜ್ಯದಲ್ಲಿ ಇನ್ನೆಷ್ಟೋ ಇವೆ. ಇಡೀ ದೇಶದ ಅಟ್ಲಾಸ್‌ನಲ್ಲಿ ಹೋಬಳಿ ಮಟ್ಟದ ಊರು ಬಿಟ್ಟುಹೋಗಿರಬಹುದು. ಆದ್ದರಿಂದ ಕೊಳ್ಳುವಾಗ ಕರ್ನಾಟಕದ್ದನ್ನೇ ಕೇಳಿ, ಅಂಗಡಿಯಲ್ಲೇ ಸೂಚಿ ತೆಗೆದು ನಿಮ್ಮ ಊರಿದೆಯೇ ನೋಡಿ.

ಮುದ್ರಣದ ವರ್ಷ ನೋಡುವುದನ್ನೂ ಮರೆಯಬೇಡಿ. ಆ ಪುಟ ಹರಿದುಹೋಗಿದ್ದರೂ ಪರವಾಗಿಲ್ಲ, ನಕ್ಷೆಯೇ ಹೇಳುತ್ತದೆ. ಗೌರಿಬಿದನೂರು ಕೋಲಾರ ಜಿಲ್ಲೆಯೊಳಗೆ ಇದ್ದರೆ ಅದು ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ 2007ಕ್ಕಿಂತ ಹಿಂದಿನದು. ಬೆಂಗಳೂರು ಗ್ರಾಮಾಂತರಕ್ಕೆ ಬೆಂಗಳೂರು ಉತ್ತರ ಎಂದು ಹೆಸರಿಡಲು 2025ರ ಜುಲೈನಲ್ಲಿ ಸಚಿವ ಸಂಪುಟ ತೀರ್ಮಾನಿಸಿದ್ದರಿಂದ, ಮುಂದಿನ ಮುದ್ರಣಗಳಲ್ಲಿ ಈ ಹೆಸರೂ ಬದಲಾಗಬಹುದು.

ಇದಕ್ಕಿಂತ ಹೆಚ್ಚು ತೊಡಕು ತರುವುದು ಹೆದ್ದಾರಿ ಸಂಖ್ಯೆ. 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಿತು. ದೇವನಹಳ್ಳಿ ಮೇಲೆ ಹೈದರಾಬಾದಿಗೆ ಹೋಗುವ ಹಳೆಯ 7 ಈಗ 44. ನೆಲಮಂಗಲ, ತುಮಕೂರಿನ ಮೇಲೆ ಪುಣೆಗೆ ಹೋಗುವ ಹಳೆಯ 4 ಈಗ 48. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಹಾದು ಹೊಸೂರು ಸೇರುವ ಹಳೆಯ 207 ಈಗ 648. ಹೊಸ ಕ್ರಮ ತಿಳಿದರೆ ಸಂಖ್ಯೆಯೇ ದಿಕ್ಕು ಹೇಳುತ್ತದೆ. ತೆಂಕು–ಬಡಗಾಗಿ ಸಾಗುವ ಹೆದ್ದಾರಿಗಳಿಗೆ ಸಮಸಂಖ್ಯೆ. ಮೂಡಣದಿಂದ ಪಡುವಣಕ್ಕೆ ಹೋದಂತೆ ಅಂಕಿ ಏರುತ್ತದೆ: 44, 48, ಕರಾವಳಿಗೆ ಬಂದರೆ 66. ಮೂಡು–ಪಡುವಾಗಿ ಸಾಗುವವಕ್ಕೆ ಬೆಸಸಂಖ್ಯೆ. ಬಂಟ್ವಾಳದಿಂದ ಹಾಸನ, ಬೆಂಗಳೂರು, ಕೋಲಾರ ಹಾದು ಹೋಗುವ 75 ಅಂಥದ್ದು. ಮೂರಂಕಿಯಿದ್ದರೆ ಅದು ಕವಲು, ಕೊನೆಯ ಎರಡಂಕಿ ತಾಯಿ ಹೆದ್ದಾರಿಯದು. 648 ಎಂದರೆ 48ರ ಕವಲು. ದಾಬಸ್‌ಪೇಟೆಯಲ್ಲಿ ಅದು ಕವಲೊಡೆಯುವುದನ್ನು ನಕ್ಷೆಯಲ್ಲೇ ಕಾಣಬಹುದು. ಬೆಂಗಳೂರಿನ ಸುತ್ತ ಅದು ಕಮಾನಿನಂತೆ ಬಾಗಿರುವುದನ್ನು ಒಮ್ಮೆ ಕಂಡ ಲಾರಿಯವನು ಹೊಸೂರಿಗೆ ಹೋಗಲು ನಗರದೊಳಗೆ ನುಗ್ಗುವುದಿಲ್ಲ. ದಾಬಸ್‌ಪೇಟೆಯಿಂದ ಹೊಸಕೋಟೆವರೆಗೆ ಈಚೆಗೆ ತೆರೆದ ಉಪನಗರ ವರ್ತುಲ ರಸ್ತೆ ಹಳೆಯ ಅಟ್ಲಾಸ್‌ಗಳಲ್ಲಿ ಇಲ್ಲ. ನಿಮ್ಮ ಪ್ರತಿಯಲ್ಲಿ ಅದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.

ನಕ್ಷೆಯ ಸಂಖ್ಯೆಯನ್ನು ನೆಲದ ಮೇಲೆ ತಾಳೆ ನೋಡಲು ಕಿಲೊಮೀಟರ್ ಕಲ್ಲುಗಳಿವೆ. ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ಯಲಹಂಕದಿಂದ ದೊಡ್ಡಬಳ್ಳಾಪುರ, ಗೌರಿಬಿದನೂರಿನ ಮೇಲೆ ಆಂಧ್ರದ ಗಡಿಗೆ ಹೋಗುವುದು ರಾಜ್ಯ ಹೆದ್ದಾರಿ 9. ಕಲ್ಲು ನೋಡುವ ಈ ಅಭ್ಯಾಸ ಆಪತ್ತಿನಲ್ಲೂ ಕೈಹಿಡಿಯುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತವಾದರೆ 1033ಕ್ಕೆ, ಬೇರೆ ರಸ್ತೆಯಲ್ಲಾದರೆ 112ಕ್ಕೆ ಕರೆ ಮಾಡಬೇಕು. ಆಗ ‘ಇಲ್ಲೇ ಒಂದು ಡಾಬಾ ಹತ್ತಿರ’ ಎಂದರೆ ಆಂಬುಲೆನ್ಸಿನವರು ಎಲ್ಲೆಂದು ಹುಡುಕಬೇಕು? ರಸ್ತೆಯ ಸಂಖ್ಯೆ, ಕಲ್ಲಿನ ಮೇಲಿನ ಕಿಲೊಮೀಟರ್, ಯಾವ ಎರಡು ಊರುಗಳ ನಡುವೆ, ಇಷ್ಟು ಹೇಳಿದರೆ ನೇರ ಬರುತ್ತಾರೆ.

ದೂರ ತಿಳಿಯಲು ರಸ್ತೆಯ ಪಕ್ಕದಲ್ಲಿ ಅಚ್ಚಾದ ಸಣ್ಣ ಅಂಕಿಗಳನ್ನು ಕೂಡಿದರೆ ಸಾಕು. ಅಂಕಿ ಇಲ್ಲದ ಕಡೆ ಪ್ರಮಾಣ ನೋಡಬೇಕು. 1:5,00,000 ಎಂದಿದ್ದರೆ ಒಂದು ಸೆಂಟಿಮೀಟರಿಗೆ 5 ಕಿ.ಮೀ. ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಸುಮಾರು 40 ಕಿ.ಮೀ., ಅಂದರೆ ಕಾಗದದ ಮೇಲೆ 8 ಸೆಂ.ಮೀ. ಆಸುಪಾಸು. ಅಳತೆಪಟ್ಟಿ ಇಟ್ಟರೆ ತಿರುವುಗಳು ಲೆಕ್ಕಕ್ಕೆ ಬರುವುದಿಲ್ಲ. ರಸ್ತೆಯ ಮೇಲೇ ದಾರವನ್ನು ಬಾಗಿಸಿ ಇಟ್ಟು, ಆಮೇಲೆ ದಾರ ಅಳೆಯಿರಿ.

ಜಿಲ್ಲಾವಾರು ಅಟ್ಲಾಸ್‌ಗಳಲ್ಲಿ ಸಾಸಲಿನಂಥ ಗಡಿ ಊರುಗಳು ಪುಟದ ಅಂಚಿಗೆ ಬೀಳುತ್ತವೆ. ಅಂಚಿನಲ್ಲಿ ಬಾಣದ ಜೊತೆಗೆ ಮುಂದಿನ ಪುಟದ ಸಂಖ್ಯೆ ಇರುತ್ತದೆ. ಗಡಿಯವರಿಗೆ ಜಿಲ್ಲೆಗಳನ್ನು ಕತ್ತರಿಸದ, ಇಡೀ ರಾಜ್ಯವನ್ನು ಚೌಕಗಳಾಗಿ ಹಂಚಿದ ಅಟ್ಲಾಸ್ ಹೆಚ್ಚು ಅನುಕೂಲ.

ಬೆಟ್ಟ, ಹಳ್ಳ, ಕೆರೆ ಏರಿಗಳೂ ಬೇಕೆನ್ನುವವರು ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳನ್ನು ನೋಡಬೇಕು. ಅಲ್ಲಿ ಒಂದು ಸೆಂಟಿಮೀಟರಿಗೆ ಅರ್ಧ ಕಿ.ಮೀ. ಮಾಕಳಿದುರ್ಗದ ಬೆಟ್ಟಗಳ ನಡುವೆ ರೈಲುಹಳಿ ದಾರಿ ಮಾಡಿಕೊಂಡದ್ದು ಎತ್ತರದ ಗೆರೆಗಳಿಂದ ಸ್ಪಷ್ಟವಾಗುತ್ತದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಮೈಸೂರು ಸೀಮೆಯ ಅಳತೆಗಾಗಿ ಆಧಾರರೇಖೆ ಎಳೆದದ್ದು ಬೆಂಗಳೂರಿನ ಬಳಿಯಲ್ಲೇ. ದೇಶವನ್ನೆಲ್ಲ ತ್ರಿಕೋನಗಳಲ್ಲಿ ಅಳೆದ ಆ ದೊಡ್ಡ ಕೆಲಸದ ಬೇರು ನಮ್ಮ ನೆಲದಲ್ಲಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ. ಹೊಲಗಳ ನಡುವಿನ ಬಂಡಿದಾರಿ ಬೇಕಾದರೆ ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯೇ ಆಗಬೇಕು.

ಘಾಟಿ ಸುಬ್ರಹ್ಮಣ್ಯದ ರಥೋತ್ಸವದ ದಿನ ಎಲ್ಲಿ ವಾಹನ ನಿಂತಿವೆ ಎಂದು ಯಾವ ಪುಸ್ತಕವೂ ಹೇಳಲಾರದು. ಅದಕ್ಕೆ ಫೋನೇ ಬೇಕು. ಆದರೆ ‘ದಾರಿ ಬದಲಿಸಿ’ ಎಂದು ಫೋನು ಹೇಳಿದಾಗ, ಆ ಬದಲಿ ದಾರಿ ಲೋಡಿನ ಗಾಡಿಗೆ ತಕ್ಕದ್ದೋ, ಹಳ್ಳಿಯ ಓಣಿಯೋ ಎಂಬುದನ್ನು ಅಟ್ಲಾಸ್‌ನ ಗೆರೆಯ ದಪ್ಪ, ಬಣ್ಣ ನೋಡಿ ಅಂದಾಜು ಮಾಡಬಹುದು. ಓಡಿಸುವವರು ಅಟ್ಲಾಸನ್ನು ತೊಡೆಯ ಮೇಲಿಟ್ಟುಕೊಳ್ಳಬಾರದು. ಪಕ್ಕದವರು ಓದಿ ಹೇಳಲಿ, ಒಬ್ಬರೇ ಇದ್ದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ನೋಡಿ. ಹೊರಡುವ ಮೊದಲು ಹೆದ್ದಾರಿ ಸಂಖ್ಯೆ, ತಿರುವಿನ ಊರುಗಳನ್ನು ಕ್ರಮವಾಗಿ ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದರೆ ನಡುದಾರಿಯಲ್ಲಿ ಪುಸ್ತಕ ಬಿಡಿಸುವ ಸಂದರ್ಭವೇ ಕಡಿಮೆ.